ಕಡಲಪಾಚಿ ಬೆಳೆಸಿದರೆ ಸಾಲದು, ಕೀಳಬೇಕು

ಕಳೆದ ವಾರ ತಂಗಿಯ ಮಗನ ಮನೆಗೆ ಹೋಗಿದ್ದೆ. ಅವನ ಉಪ್ಪುನೀರಿನ ಮೀನಿನ ಟ್ಯಾಂಕಿನ ಕೆಳಗೆ, ಸಂಪಿನಲ್ಲಿ, ಅಂದರೆ ಟ್ಯಾಂಕಿನ ನೀರು ಇಳಿದು ಶುದ್ಧವಾಗಿ ವಾಪಸ್ ಹೋಗುವ ತೊಟ್ಟಿಯಲ್ಲಿ, ಕೀಟೋಮಾರ್ಫಾ ಅನ್ನೋ ಎಳೆಎಳೆ ಪಾಚಿ ಒತ್ತಿಕೊಂಡು ಕೂತಿತ್ತು. ಮೇಲೆ ಹಸಿರು, ಒಳಗೆ ಬೂದು, ಮುಟ್ಟಿದರೆ ಲೋಳೆ. 'ದೊಡ್ಡಮ್ಮ, ಪಾಚಿ ಇಷ್ಟೊಂದಿದೆ, ಆದ್ರೂ ನೈಟ್ರೇಟ್ 40ರಿಂದ ಇಳೀತಾನೇ ಇಲ್ಲ' ಅಂದ. ಕೊನೆಯ ಸಲ ಯಾವಾಗ ಕಿತ್ತೆ ಅಂತ ಕೇಳಿದೆ. 'ಕೀಳ್ಬೇಕಾ?' ಅಂದ. ನನಗೆ ರೇಗಿಹೋಯಿತು.

ಮೀನಿನ ಹೊಲಸು, ಮಿಕ್ಕ ಊಟ ಕೊಳೆತು ನೀರಿನಲ್ಲಿ ಸೇರಿಕೊಳ್ಳುವುದೇ ನೈಟ್ರೇಟ್. ಪಾಚಿ ಅದನ್ನು ಮಾಯ ಮಾಡುವುದಿಲ್ಲ. ಅದನ್ನು ತಿಂದು ಮೈ ಬೆಳೆಸಿಕೊಳ್ಳುತ್ತದೆ, ಅಷ್ಟೆ. ಬೆಳೆದದ್ದನ್ನು ನೀವು ಕಿತ್ತು ಹೊರಗೆ ಹಾಕಿದರೆ ಮಾತ್ರ ನೈಟ್ರೇಟ್ ಮನೆ ಬಿಡುತ್ತದೆ. ಅಲ್ಲೇ ಬಿಟ್ಟರೆ ನಡುವಿನದು ಬೆಳಕಿಲ್ಲದೆ ಕೊಳೆತು, ತಿಂದದ್ದೆಲ್ಲ ನೀರಿಗೇ ವಾಪಸ್.

ಪಾಚಿಯ ಉಂಡೆ ಸಂಪಿನ ಮುಕ್ಕಾಲು ಭಾಗ ತುಂಬಿತು ಅನ್ನಿಸಿದಾಗ ಕೈ ಹಾಕಿ. ಬಕೆಟಿಗೆ ಟ್ಯಾಂಕಿನದೇ ನೀರು ತೆಗೆದುಕೊಳ್ಳಿ. ನಲ್ಲಿ ನೀರು ಬೇಡವೇ ಬೇಡ. ಪಾಚಿಯೊಳಗೆ ಕೋಪೆಪಾಡ್, ಆಂಫಿಪಾಡ್ ಅನ್ನೋ ಪುಟ್ಟ ಜೀವಿಗಳು ಸಂಸಾರ ಹೂಡಿರುತ್ತವೆ. ಮೀನಿಗೆ ಅದಕ್ಕಿಂತ ಒಳ್ಳೆ ಊಟ ಇಲ್ಲ. ಸಿಹಿನೀರು ತಗುಲಿದರೆ ಅವು ಸಾಯುತ್ತವೆ.

ಈಗ ನನ್ನ ಅಮ್ಮ ದಂಟಿನ ಸೊಪ್ಪು ತೊಳೆಯುತ್ತಿದ್ದ ಹಾಗೆ ತೊಳೆಯಿರಿ. ಅವಳು ಅಗಲವಾದ ಪಾತ್ರೆಯಲ್ಲಿ ಸೊಪ್ಪು ಮುಳುಗಿಸಿ, ಎರಡೂ ಕೈಯಿಂದ ಜಾಲಾಡಿಸಿ, ಸೊಪ್ಪನ್ನೇ ಮೇಲಕ್ಕೆ ಎತ್ತುತ್ತಿದ್ದಳು. ಮಣ್ಣು ತಳದಲ್ಲೇ ಉಳಿಯುತ್ತಿತ್ತು. ಈಗಿನವರು ಸೊಪ್ಪಿನ ಸಮೇತ ನೀರನ್ನು ಜರಡಿಗೆ ಸುರಿಯುತ್ತಾರೆ. ತಳದ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ, ಆಮೇಲೆ ಸಾರಿನಲ್ಲಿ ಮರಳು ಅಂತಾರೆ. ಇರಲಿ. ಪಾಚಿಯನ್ನೂ ಹಾಗೇ ನಾಲ್ಕೈದು ಸಲ ಜಾಲಾಡಿಸಿ ಎತ್ತಿ. ಬಕೆಟ್ ನೀರನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಬಿಡಿ. ಗಸಿ ಕೂತ ಮೇಲೆ, ಹುಳುಗಳು ಓಡಾಡುವ ಮೇಲಿನ ನೀರನ್ನು ನಿಧಾನಕ್ಕೆ ಟ್ಯಾಂಕಿಗೆ ಬಗ್ಗಿಸಿ. ಗಸಿ ಚೆಲ್ಲಿ.

ಉಂಡೆಯನ್ನು ಕತ್ತರಿಯಲ್ಲಿ ಕತ್ತರಿಸಬೇಡಿ. ಚೂರುಗಳು ತೇಲಿ ಹೋಗಿ ಪಂಪಿಗೆ ಸಿಕ್ಕಿಕೊಳ್ಳುತ್ತವೆ. ಹತ್ತಿ ಹಿಂಜುವ ಹಾಗೆ ಬೆರಳಲ್ಲಿ ಹಿಂಜಿ. ಬೂದು, ಬಿಳಿ ಬಣ್ಣದ್ದು ಪೂರ್ತಿ ಆಚೆ. ಒಳ್ಳೆಯದರಲ್ಲೂ ಮೂರರಲ್ಲಿ ಒಂದು ಪಾಲು ತೆಗೆಯಿರಿ, ಜಿಪುಣತನ ಬೇಡ. ಉಳಿದದ್ದನ್ನು ಒಳಗಿನ ಮುಖ ಮೇಲೆ ಬರುವ ಹಾಗೆ ಸಡಿಲವಾಗಿ ಬಿಡಿ. ನೀರಿನ ಹರಿವಿಗೆ ಅದು ಮೆಲ್ಲಗೆ ಉರುಳುತ್ತಿರಬೇಕು. ಕಿತ್ತದ್ದನ್ನು ಗೊಬ್ಬರಕ್ಕೆ ಹಾಕುವವರು ಉಪ್ಪು ಹೋಗುವ ತನಕ ಸಿಹಿನೀರಲ್ಲಿ ತೊಳೆಯಿರಿ. ಹಾಗೇ ಹಾಕಿ ನಾನು ಒಂದು ಕರಿಬೇವಿನ ಗಿಡ ಕಳೆದುಕೊಂಡಿದ್ದೇನೆ.

ಸಂಪಿನ ದೀಪ ರಾತ್ರಿ ಉರಿಯಲಿ, ಮೇಲಿನ ಟ್ಯಾಂಕಿನದು ಆರಿದ ಮೇಲೆ. ರಾತ್ರಿ ಟ್ಯಾಂಕಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯ ಕಡೆಗೆ ವಾಲುತ್ತದೆ. ಬೆಳಕಿರುವ ಪಾಚಿ ಅದನ್ನು ಹೀರಿಕೊಳ್ಳುವುದರಿಂದ ಅಷ್ಟೊಂದು ಇಳಿಯುವುದಿಲ್ಲ.

ಅಂಗಡಿಯಲ್ಲಿ ಕಾಲರ್ಪಾ ಅನ್ನೋ ಇನ್ನೊಂದು ಪಾಚಿ ಕೊಟ್ಟರೆ ಬೇಡ ಅನ್ನಿ. ನೋಡೋಕೆ ಚೆಂದ. ಆದರೆ ಅದು ಸಂತಾನಕ್ಕೆ ಇಳಿದರೆ ಮೈಯಲ್ಲಿದ್ದದ್ದನ್ನೆಲ್ಲ ಒಮ್ಮೆಗೇ ನೀರಿಗೆ ಬಿಟ್ಟು ಸಾಯುತ್ತದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ನನ್ನ ಟ್ಯಾಂಕ್ ಮಜ್ಜಿಗೆ ನೀರಿನ ಹಾಗಿತ್ತು. ಎರಡು ಮೀನು ಹೋದವು. ಯಾವ ಪಾಚಿಯನ್ನೂ ಕೆರೆಗೆ, ಸಮುದ್ರಕ್ಕೆ ಎಸೆಯಲೂಬೇಡಿ. 1984ರಲ್ಲಿ ಮೊನಾಕೊ ತೀರದಲ್ಲಿ ಕಂಡ ಕಾಲರ್ಪಾ ಟ್ಯಾಕ್ಸಿಫೋಲಿಯಾ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಎಲ್ಲೆಲ್ಲೋ ಹರಡಿತು.

ಇನ್ನು ಸೊನ್ನೆಯ ಹುಚ್ಚು. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು) ಇದ್ದರೆ ಸಾಕು. ಸೊನ್ನೆಗೆ ತಂದರೆ ಟ್ಯಾಂಕಿನಲ್ಲಿರುವ ಹವಳ ಬಿಳಚಿಕೊಳ್ಳುತ್ತದೆ, ಪಾಚಿಯೂ ಹಸಿದು ಬಿಳಿಯಾಗುತ್ತದೆ. ನೈಟ್ರೇಟ್ ಇದ್ದೂ ಪಾಚಿ ಬೆಳೆಯದಿದ್ದರೆ ಫಾಸ್ಫೇಟ್ ನೋಡಿ, ಪಾಚಿಗೆ ಬೇಕಾದ ಇನ್ನೊಂದು ಆಹಾರ ಅದು, ಮುಗಿದುಹೋಗಿರಬಹುದು. ಪಾಚಿ ಇದೆ ಅಂತ ನೀರು ಬದಲಿಸೋದು ಬಿಡಬೇಡಿ. ಅದು ತಿಂದು ಮುಗಿಸುವ ಕಬ್ಬಿಣದಂಥ ಅಂಶಗಳು ಹೊಸ ನೀರಿನಿಂದ ಬರಬೇಕು. ಕಿತ್ತ ಮಾರನೇ ದಿನವೇ ಟೆಸ್ಟ್ ಮಾಡಿ ಇಳಿದಿಲ್ಲ ಅಂತ ನನಗೆ ಫೋನ್ ಮಾಡಬೇಡಿ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಮೀನಿಗೆ ಊಟ ಹಾಕುವ ಮೊದಲು ನೋಡಿ.