ನಂಬರ್ ಪ್ಲೇಟ್ ಮುಚ್ಚುವುದಾದರೆ ಫೋಟೋ ತೆಗೆಯುವ ಮೊದಲೇ ಮುಚ್ಚಿ
ಮಾರಾಟಕ್ಕೆ ಅಂತ ಕಾರಿನ ಫೋಟೋ ಹಾಕುವವರು ಪ್ಲೇಟ್ ಮೇಲೆ ಒಂದು ರಟ್ಟಿನ ತುಂಡನ್ನೋ ಗಾಡಿ ಒರೆಸುವ ಬಟ್ಟೆಯನ್ನೋ ಇಟ್ಟೇ ಕ್ಲಿಕ್ ಮಾಡಿ. ಆಮೇಲೆ ಫೋನಿನಲ್ಲಿ ಗೀಚುವುದಕ್ಕಿಂತ ಇದು ವಾಸಿ. ಹೈಲೈಟರ್ ಬ್ರಷ್‌ನಲ್ಲಿ ಎಳೆದ ಕಪ್ಪು ಗೆರೆ ಪೂರ್ತಿ ಮುಚ್ಚಿದ ಹಾಗೆ ಕಂಡರೂ ಬ್ರೈಟ್‌ನೆಸ್ ಏರಿಸಿದರೆ ಅಡಿಯಲ್ಲಿರುವ ಅಂಕಿ ಎದ್ದು ಕಾಣಬಹುದು. ನಂಬರ್ ಸಿಕ್ಕರೆ ಗಾಡಿಯ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಮಾಡೆಲ್, ನೋಂದಣಿ ದಿನಾಂಕ, ಇನ್ಶೂರೆನ್ಸ್ ಎಲ್ಲ ಸಿಗುತ್ತದೆ, ಮಾಲೀಕರ ಹೆಸರು ಮಾತ್ರ ಅರ್ಧಂಬರ್ಧ. ಅದಕ್ಕಿಂತ ಜಾಸ್ತಿ ತಲೆನೋವು ಅಂದರೆ, ಅದೇ ಮಾಡೆಲ್, ಅದೇ ಬಣ್ಣದ ಗಾಡಿಗೆ ಯಾರಾದರೂ ನಿಮ್ಮ ನಂಬರ್ ಹಾಕಿಕೊಂಡು ಸಿಗ್ನಲ್ ಹಾರಿಸಿದರೆ ದಂಡದ ನೋಟಿಸ್ ನಿಮಗೆ ಬರುತ್ತದೆ. ಆದರೆ ಪ್ಲೇಟ್ ಒಂದನ್ನೇ ಮುಚ್ಚಿದರೆ ಸಾಲದು. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಮುಂದಿನ ಗಾಜಿನ ಒಳಗೆ, ಎಡಗಡೆ ಮೇಲಿನ ಮೂಲೆಯ ಸ್ಟಿಕ್ಕರ್‌ನಲ್ಲೂ ನಂಬರ್ ಇರುತ್ತದೆ, ಹತ್ತಿರದಿಂದ ತೆಗೆದರೆ ಓದಲು ಬರುತ್ತದೆ. ಟ್ರಿಪ್ ಫೋಟೋದಲ್ಲಿ ಹಿಂದೆ ನಿಂತ ಗಾಡಿಗಳಿಗೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ, ರಸ್ತೆಯಲ್ಲಿ ಎಲ್ಲರೂ ನೋಡುವುದೇ ಅಲ್ವಾ. ಇನ್ನು ನಿಜವಾಗಿ ಕೊಳ್ಳುವವರು ಬಾಕಿ ದಂಡ ನೋಡಲು ನಂಬರ್ ಕೇಳೇ ಕೇಳುತ್ತಾರೆ, ಅವರಿಗೆ ಬೇರೆಯಾಗಿ ಮೆಸೇಜ್ ಮಾಡಿ.