ಗಾಡಿ ಸದ್ದು ಮಾಡ್ತಿದೆಯಾ? ‘ಯಾವಾಗ’ ಅನ್ನೋದನ್ನ ಮೊದಲು ಹಿಡಿಯಿರಿ

ಶಿರಸಿಯ ಯಾವುದೇ ಗ್ಯಾರೇಜಿನ ಮುಂದೆ ಅರ್ಧ ದಿನ ಕೂತರೆ ಈ ಮಾತು ಕಿವಿಗೆ ಬೀಳದೇ ಇರುವುದಿಲ್ಲ: ‘ಗಾಡಿ ಎಂತದೋ ಸದ್ದು ಮಾಡ್ತದೆ, ಸ್ವಲ್ಪ ನೋಡು ಮಾರಾಯಾ.’ ಮೆಕ್ಯಾನಿಕ್ ಕಾರು ಹತ್ತಿ ಒಂದು ಸುತ್ತು ಹೊಡೆದು ಬರುತ್ತಾನೆ. ಪೇಟೆಯೊಳಗೆ ಗಾಡಿ 30 ದಾಟುವುದಿಲ್ಲ, ಸದ್ದೂ ಬರುವುದಿಲ್ಲ. ‘ಎಂತದೂ ಇಲ್ಲ ಹೆಗಡೇರೆ’ ಎಂದು ಕೀಲಿಕೈ ಕೊಡುತ್ತಾನೆ. ಮರುದಿನ ಕುಮಟಾಕ್ಕೆ ಹೊರಟರೆ ಅದೇ ಸದ್ದು ಮತ್ತೆ ಹಾಜರು.

ಸದ್ದು ಹೇಗಿದೆ ಅಂತ ಬಾಯಲ್ಲಿ ಹೇಳುವುದು ಕಷ್ಟ. ಒಬ್ಬರ ‘ಗೊರ್ರ್’ ಇನ್ನೊಬ್ಬರಿಗೆ ‘ಗುಂಯ್’. ಯಾವಾಗ ಬರುತ್ತದೆ ಅಂತ ಹೇಳುವುದು ಮಾತ್ರ ಯಾರಿಗಾದರೂ ಸಾಧ್ಯ. ಅರ್ಧ ದೋಷ ಅಲ್ಲೇ ಸಿಕ್ಕಿಬೀಳುತ್ತದೆ.

ಮೊದಲು ಗಾಡಿ ಖಾಲಿ ಮಾಡಿ

ಡಿಕ್ಕಿಯಲ್ಲಿರುವ ತೆಂಗಿನಕಾಯಿ, ಸೀಟಿನಡಿಯ ನೀರಿನ ಬಾಟಲಿ, ಬಾಗಿಲ ಸಂದಿಯ ಚಿಲ್ಲರೆ, ಎಲ್ಲ ಹೊರಗೆ ತೆಗೆಯಿರಿ. ಜ್ಯಾಕ್ ಮತ್ತು ಸ್ಟೆಪ್ನಿ ಅವುಗಳ ಜಾಗದಲ್ಲಿ ಬಿಗಿಯಾಗಿವೆಯೇ ನೋಡಿ. ಜ್ಯಾಕ್ ಸಡಿಲವಾಗಿದ್ದರೆ ಹಿಂದಿನ ಸಸ್ಪೆನ್ಶನ್ನೇ ಮುರಿದಂತೆ ಕೇಳಿಸುತ್ತದೆ. ಆಮೇಲೆ ನಾಲ್ಕೂ ಟಯರ್ ನೋಡಿ. ಸಂದಿಯಲ್ಲಿ ಕಲ್ಲೋ ಮೊಳೆಯೋ ಸಿಕ್ಕಿರಬಹುದು. ಮೊಳೆ ಇದ್ದರೆ ಅಲ್ಲೇ ಕೀಳಬೇಡಿ, ಗಾಳಿ ಹೋದರೆ ಪಂಕ್ಚರ್ ಅಂಗಡಿವರೆಗೂ ತಲುಪುವುದಿಲ್ಲ.

ಇಂಜಿನ್ನಿನದೋ, ಚಕ್ರದ್ದೋ?

ಇದು ಮುಖ್ಯ ಪರೀಕ್ಷೆ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಸದ್ದು ಬಂತೇ? ಹಾಗಾದರೆ ಇಂಜಿನ್, ಬೆಲ್ಟ್ ಅಥವಾ ಸೈಲೆನ್ಸರ್ ಕಡೆ ಹುಡುಕಿ. ನಿಂತಾಗ ಇಲ್ಲ, ಓಡುವಾಗ ಮಾತ್ರ ಬರುತ್ತದೆ ಅಂದರೆ ಚಕ್ರ, ಬ್ರೇಕ್, ಆಕ್ಸಲ್, ಗೇರ್‌ಬಾಕ್ಸ್ ಮೇಲೆ ಅನುಮಾನ.

ಖಾತ್ರಿ ಮಾಡಿಕೊಳ್ಳಲು ಸಪಾಟಾದ, ನೇರವಾದ, ಜನ ಕಡಿಮೆ ಇರುವ ರಸ್ತೆಯಲ್ಲಿ 50ರ ವೇಗದಲ್ಲಿ ಹೋಗುತ್ತಾ ಒಂದೆರಡು ಕ್ಷಣ ನ್ಯೂಟ್ರಲ್‌ಗೆ ಹಾಕಿ. ಇಂಜಿನ್ ಆಫ್ ಮಾಡಬೇಡಿ. ಇಂಜಿನ್ ಶಬ್ದ ಇಳಿದರೂ ಆ ಸದ್ದು ಹಾಗೇ ಉಳಿದರೆ ಅದು ಚಕ್ರದ ಕಡೆಯದು. ದೇವಿಮನೆ, ಅರಬೈಲು ಘಟ್ಟದಲ್ಲಿ ಮಾತ್ರ ಇದನ್ನು ಅಪ್ಪಿತಪ್ಪಿಯೂ ಮಾಡಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ನಿನ ತಡೆ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದಿಲ್ಲ.

ಲೆಕ್ಕವೂ ಇಲ್ಲಿ ಸಹಾಯಕ್ಕೆ ಬರುತ್ತದೆ. 20 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 3 ಸುತ್ತು ತಿರುಗುತ್ತದೆ. ಇಂಜಿನ್ ಸುಮ್ನೆ ನಿಂತು ಉರಿಯುವಾಗಲೇ ಸೆಕೆಂಡಿಗೆ 13 ಸುತ್ತಿನ ಆಸುಪಾಸು. ಹಾಗಾಗಿ ನೀವು ಎಣಿಸಬಹುದಾದಷ್ಟು ನಿಧಾನಕ್ಕೆ ‘ಟಕ್, ಟಕ್, ಟಕ್’ ಅಂತಿದ್ದರೆ ಅದು ಬಹುಪಾಲು ಚಕ್ರದ್ದೇ.

ನನ್ನ ಗುಂಯ್‌ಗುಡುವ ಕಾರು

ಒಂದು ಮಳೆಗಾಲದಲ್ಲಿ ನನ್ನ ಕಾರು ಕುಮಟಾ ರಸ್ತೆಯ ಕತಗಾಲ ದಾಟಿದ ಮೇಲೆ ಗುಂಯ್‌ಗುಡಲು ಶುರು ಮಾಡಿತು. 40ಕ್ಕೆ ಏನೂ ಇಲ್ಲ, 50ಕ್ಕೆ ಸಣ್ಣಗೆ, 60ಕ್ಕೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದಷ್ಟು. ಒಂದು ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚಬೇಕು ಅಂದರು. ಎದೆ ಧಸಕ್ ಅಂತು. ಇನ್ನೊಬ್ಬ ಹಳೇ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: ‘ಎಡಕ್ಕೆ ತಿರುಗಿಸ್ವಾಗ ಜಾಸ್ತಿಯೋ, ಬಲಕ್ಕೋ?’

ನಾನು ಗಮನಿಸಿಯೇ ಇರಲಿಲ್ಲ. ಮರುದಿನ ನೋಡಿದರೆ ಎಡ ತಿರುವಿನಲ್ಲಿ ಜೋರು, ಬಲ ತಿರುವಿನಲ್ಲಿ ಹೆಚ್ಚುಕಡಿಮೆ ಮೌನ. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆ ವಾಲುತ್ತದೆ. ಅಂದರೆ ಬಲಚಕ್ರದ ಬೇರಿಂಗ್, ಚಕ್ರ ಸಲೀಸಾಗಿ ತಿರುಗಲು ಒಳಗಿರುವ ಗುಂಡುಗಳ ಬಳೆ. ನಮ್ಮಲ್ಲಿ ಹಳ್ಳ ಉಕ್ಕಿ ರಸ್ತೆ ಮೇಲೆ ಹರಿದಾಗ ‘ಹೋಗ್ತದೆ ಬಿಡು’ ಅಂತ ದಾಟಿಸುತ್ತೇವಲ್ಲ, ಆಗ ಬೇರಿಂಗಿನ ಸೀಲ್ ಸವೆದಿದ್ದರೆ ನೀರು ಒಳಹೊಕ್ಕು ಗ್ರೀಸ್ ಕೆಡುತ್ತದೆ.

ಟಯರ್ ಅಡ್ಡಾದಿಡ್ಡಿ ಸವೆದಾಗಲೂ ಹೀಗೇ ಗುಂಯ್‌ಗುಡುತ್ತದೆ. ವ್ಯತ್ಯಾಸ ಗೊತ್ತಾಗುವುದು ರಸ್ತೆ ಬದಲಾದಾಗ. ಹಳೇ ಡಾಂಬರಿನಿಂದ ಹೊಸ ನುಣುಪು ಡಾಂಬರಿಗೆ ಬಂದ ಕೂಡಲೇ ಸದ್ದಿನ ಧಾಟಿ ಬದಲಾದರೆ ಟಯರ್. ರಸ್ತೆ ಯಾವುದಾದರೂ ಒಂದೇ ರಾಗ ಅಂದರೆ ಬೇರಿಂಗ್.

ಮನೆಯಲ್ಲೂ ನೋಡಬಹುದು. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಆಮೇಲೆ ಒಂದು ಮುಂದಿನ ಚಕ್ರ ಎತ್ತಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ. ಮಳೆಗೆ ಮೆತ್ತಗಾದ ಅಂಗಳವಾದರೆ ಜ್ಯಾಕ್ ಅಡಿಗೆ ಹಲಗೆ ಇಡಿ. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಅಲ್ಲಾಡಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಶನ್‌ಗೆ ಹಿಡಿದಿಡುವ ಕೀಲು). ಆಮೇಲೆ ಒಂದು ಕೈಯನ್ನು ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಒಳಗೆ ರವೆ ಸೇರಿದಂತೆ ಗರಗರ ಕೈಗೆ ತಿಳಿಯುತ್ತದೆ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ.

ಉಳಿದ ಸದ್ದುಗಳು

ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಮುಂದೆ ಬಿಟ್ಟಾಗ ‘ಕಟ್ ಕಟ್ ಕಟ್’ ಬಂದರೆ ಆಕ್ಸಲ್ಲಿನ ಹೊರ ಜಾಯಿಂಟ್, ಅಂದರೆ ಚಕ್ರದ ಬಳಿಯ ಕೀಲು. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಮೈಗೆ ಎರಚಿರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ಬೂಟ್ ಹರಿದಾಗಲೇ ಬದಲಿಸಿದ್ದರೆ ಜಾಯಿಂಟ್ ಉಳಿಯುತ್ತಿತ್ತು.

ತೋಟದ ಮಣ್ಣುರಸ್ತೆಯಲ್ಲಿ ನಿಧಾನ ಹೋಗುವಾಗ ಮುಂದಿನಿಂದ ‘ಲೊಟ ಲೊಟ’ ಅಂದರೆ ಮೊದಲು ಲಿಂಕ್ ರಾಡ್ (ಸಸ್ಪೆನ್ಶನ್ನಿನ ಸಣ್ಣ ಸರಳು) ನೋಡಿಸಿ, ಆಮೇಲೆ ಬುಷ್ (ಕೀಲುಗಳ ನಡುವಿನ ರಬ್ಬರ್). ಲಿಂಕ್ ರಾಡ್ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್‌ಗಿಂತ ಅಗ್ಗದ್ದು. ಒಮ್ಮೆಲೇ ಶಾಕ್ ಅಬ್ಸಾರ್ಬರ್ ಬದಲಿಸಿ ಅನ್ನುವವರಿಗೆ ಇದನ್ನು ನೆನಪಿಸಿ.

ಬ್ರೇಕ್ ವಿಷಯದಲ್ಲಿ ಕರಾವಳಿಯವರು ಸುಮ್ನೆ ಹೆದರುವ ಸದ್ದೊಂದಿದೆ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ, ಮಳೆಗೆ ರಾತ್ರಿ ನಿಂತ ಕಾರಿನ ಡಿಸ್ಕ್ ಮೇಲೆ ಬೆಳಗಾಗುವಷ್ಟರಲ್ಲಿ ತೆಳ್ಳಗೆ ತುಕ್ಕು ಕೂರುತ್ತದೆ. ಮೊದಲ ನಾಲ್ಕೈದು ಬ್ರೇಕಿಗೆ ‘ಪರಪರ’ ಅಂದು ಸುಮ್ಮನಾದರೆ ಚಿಂತೆಯಿಲ್ಲ. ದಿನವಿಡೀ ‘ಕೀಂ’ ಅಂದರೆ ಪ್ಯಾಡ್ ಸವೆದಿರಬಹುದು. 3 ಮಿ.ಮೀ.ಗೆ ಬಂದರೆ ಬದಲಿಸುವುದೇ ಸರಿ. ‘ಕರ್ರ್’ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ ಓಡಿಸಲೇಬೇಡಿ. ಇದ್ದಕ್ಕಿದ್ದಂತೆ, ಜಲ್ಲಿ ರಸ್ತೆ ದಾಟಿದ ಕೂಡಲೇ, ಕಿವಿ ಕಿತ್ತುಹೋಗುವಂತೆ ಕಿರುಚಿದರೆ? ಡಿಸ್ಕ್ ಹಿಂದಿನ ತಗಡಿನ ಸಂದಿಗೆ ಸಣ್ಣ ಕಲ್ಲು ಸಿಕ್ಕಿರಬಹುದು. ನಿಧಾನಕ್ಕೆ ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಕೆಲವೊಮ್ಮೆ ತಾನಾಗಿ ಉದುರುತ್ತದೆ.

ಒಂದು ನಿರ್ದಿಷ್ಟ ಆಕ್ಸಿಲರೇಟರ್ ಒತ್ತಿಗೆ ಮಾತ್ರ ಡಬ್ಬ ಅಲ್ಲಾಡಿದಂತೆ ಕೇಳಿದರೆ ಸೈಲೆನ್ಸರ್ ಮೇಲಿನ ತಗಡು ತುಕ್ಕು ತಿಂದು ಸಡಿಲಾಗಿದೆ. ತಣಿದ ಮೇಲೆ ಮುಟ್ಟಿ. ಘಟ್ಟ ಹತ್ತುವಾಗ ಇಂಜಿನ್ ಕುಟ್ಟಿದಂತಾದರೆ ಒಂದು ಗೇರ್ ಇಳಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಯಾವ ಬದಿ ಅಂತ ತಿಳಿಯದಿದ್ದರೆ

ನಾವು ಕೂರುವುದು ಬಲಗಡೆ, ಹಾಗಾಗಿ ಎಡದ ಸದ್ದು ಸರಿಯಾಗಿ ಕೇಳುವುದಿಲ್ಲ. ಎಡದ ಗಾಜು ಇಳಿಸಿ, ಚಿರೆಕಲ್ಲಿನ ಉದ್ದ ಕಂಪೌಂಡ್ ಪಕ್ಕದಲ್ಲಿ ನಿಧಾನಕ್ಕೆ ಹೋಗಿ. ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ. ಕಾರವಾರ–ಬಿಣಗಾ ನಡುವಿನ ಸುರಂಗದಲ್ಲಿ ಗಾಜು ಇಳಿಸಿಕೊಂಡು ಹೋದರೆ ಇನ್ನೂ ಸ್ಪಷ್ಟ, ಆದರೆ ಅಲ್ಲಿ ವೇಗ ತಗ್ಗಿಸಿ ಹಿಂದಿನ ಲಾರಿಯವರಿಗೆ ತೊಂದರೆ ಕೊಡಬೇಡಿ. ಮನೆಯವರೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ. ರೆಕಾರ್ಡ್ ಆಗುವಾಗ ‘ಈಗ 50, ಈಗ ಬ್ರೇಕ್, ಈಗ ಎಡ ತಿರುವು’ ಅಂತ ನೀವು ಹೇಳುತ್ತಾ ಹೋಗಿ.

ಕೂಡಲೇ ನಿಲ್ಲಿಸಬೇಕಾದದ್ದು

ಸದ್ದಿನ ಜೊತೆ ಇಂಜಿನ್ ಆಯಿಲ್‌ನ ಕೆಂಪು ದೀಪ ಹತ್ತಿದರೆ, ಬ್ರೇಕ್ ಪೆಡಲ್ ಒಳಗೆ ಇಳಿದರೆ ಅಲ್ಲೇ ಬದಿಗೆ ಹಾಕಿ. ಟಯರ್ ಬದಲಿಸಿದ ಮರುದಿನ ‘ದಡ ದಡ’ ಬಂದು ಸ್ಟೇರಿಂಗ್ ನಡುಗಿದರೂ ಅಷ್ಟೆ, ಚಕ್ರದ ನಟ್ ಸಡಿಲಾಗಿರಬಹುದು.

ಉಳಿದದ್ದಕ್ಕೆ ಗ್ಯಾರೇಜಿಗೆ ಹೋಗಿ, ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸದ್ದು ಬರುವ ರಸ್ತೆಗೇ ಕರೆದೊಯ್ಯಿರಿ. ಕೆಲಸ ಮುಗಿದ ಮೇಲೆ ಬಿಚ್ಚಿದ ಹಳೇ ಸಾಮಾನು ಕೇಳಿ ತೆಗೆದುಕೊಳ್ಳಿ. ನನ್ನ ಬಲಚಕ್ರದ ಬೇರಿಂಗ್ ಕೈಗೆ ಕೊಟ್ಟಾಗ ಬೆರಳು ಹಾಕಿ ತಿರುಗಿಸಿದೆ. ಗರಗರ ಅಂತು, ಸಂದಿಯಿಂದ ಚಹಾದ ಬಣ್ಣದ ನೀರು ನಾಲ್ಕು ಹನಿ ಅಂಗೈ ಮೇಲೆ ಇಳಿಯಿತು.