ಫ್ಲಾಟ್‌ಬೆಡ್‌ಗೆ ಹೊರಟಿದ್ದೀರಾ? ಕಂಪನಿಯನ್ನು ಹೀಗೆ ಪರೀಕ್ಷಿಸಿ

ಅಮೆರಿಕದಲ್ಲಿ ವರ್ಷಗಟ್ಟಲೆ ಮುಚ್ಚಿದ ಟ್ರೈಲರ್ ಓಡಿಸಿ ಈಗ ಫ್ಲಾಟ್‌ಬೆಡ್‌ (ಗೋಡೆ, ಚಾವಣಿ ಇಲ್ಲದ ತೆರೆದ ಟ್ರೈಲರ್) ಕಡೆ ಹೊರಟಿರುವ ಗೆಳೆಯರೇ, ಮೈಲಿಗೆ ಎಷ್ಟು ಸೆಂಟ್ ಕೂಲಿ ಎಂಬುದನ್ನು ಕೊನೆಗೆ ಕೇಳಿ. ಮೊದಲು ತರಬೇತಿಯ ಬಗ್ಗೆ ವಿಚಾರಿಸಿ. ಸ್ಟೀರಿಂಗ್ ನಿಮ್ಮ ಕೈಗೆ ಪಳಗಿದೆ, ನಿಜ. ಸರಕು ಬಿಗಿಯುವುದು ಮಾತ್ರ ಬೇರೆಯೇ ವಿದ್ಯೆ. ಉಕ್ಕಿನ ಸುರುಳಿ ಜಾರಿದರೆ ಜೀವವೇ ಹೋಗುತ್ತದೆ. ‘ಅನುಭವವಿದೆಯಲ್ಲ, ಎರಡು ವಿಡಿಯೊ ನೋಡಿ ಹೊರಡಿ’ ಎನ್ನುವ ಕಂಪನಿಗೆ ದೂರದಿಂದಲೇ ಕೈಮುಗಿಯಿರಿ.

ಸಾಧ್ಯವಾದರೆ ಅವರ ಅಂಗಳಕ್ಕೆ ಹೋಗಿ ಟ್ರೈಲರ್‌ಗಳನ್ನು ಕಣ್ಣಾರೆ ನೋಡಿ. ಸರಕು ಕಟ್ಟುವ ಪಟ್ಟಿಗಳ ಅಂಚು ಹರಿದಿದೆಯೇ? ಸರಪಳಿಯ ಕೊಂಡಿಯ ಮೇಲೆ ಬಲದ ದರ್ಜೆಯ ಗುರುತು ಓದಲು ಬರುತ್ತದೆಯೇ? ಸರಪಳಿ ಬಿಗಿಯಲು ಕೊಡುವುದು ಹಂತಹಂತವಾಗಿ ಬಿಗಿಯುವ ರ‍್ಯಾಚೆಟ್ ಬೈಂಡರೋ, ಹಿಡಿಯನ್ನು ಒಮ್ಮೆಗೇ ಎಳೆದು ಬಿಗಿಯುವ ಹಳೆಯ ಲಿವರ್ ಬೈಂಡರೋ? ಲಿವರ್ ಕೈತಪ್ಪಿ ಚಿಮ್ಮಿದರೆ ದವಡೆ ಮುರಿಯಬಹುದು. ಇವನ್ನೆಲ್ಲ ನೀವೇ ಕೊಳ್ಳಬೇಕೇ ಎಂಬುದನ್ನೂ ಕೇಳಿ.

ಹೊರಟ 50 ಮೈಲಿಯೊಳಗೆ, ನಂತರ ಪ್ರತಿ 150 ಮೈಲಿ ಅಥವಾ 3 ಗಂಟೆ, ಯಾವುದು ಮೊದಲೋ ಆಗ, ಬಿಗಿತ ಪರೀಕ್ಷಿಸಬೇಕೆಂದು ಫೆಡರಲ್ ನಿಯಮವೇ ಹೇಳುತ್ತದೆ. ಆ ನಿಲುಗಡೆಗೆ ಸಮಯ ಕೊಡದೆ ಅವಸರಪಡಿಸುವ ಡಿಸ್ಪ್ಯಾಚರ್ (ಚಾಲಕರಿಗೆ ಲೋಡು ಹಂಚಿ ಕಳುಹಿಸುವವರು) ಇದ್ದಾರೆಯೇ ಎಂದು ಅಲ್ಲಿನ ಚಾಲಕರನ್ನೇ ಕೇಳಿ, ನೇಮಕಾತಿಯವರು ಹೇಳುವುದಿಲ್ಲ.

ಟಾರ್ಪಾಲು ಹೊದಿಸುವುದಕ್ಕೆ ಪ್ರತ್ಯೇಕ ಕೂಲಿ ಇರಬೇಕು. ಗಾಳಿ, ಹಿಮದಲ್ಲಿ ಅದು ಸೊಂಟ ಮುರಿಯುವ ಕೆಲಸ. ಲೋಡಿಂಗ್‌ಗೆ ಕಾದ ಗಂಟೆಗಳ ಹಣವೂ ಬರಹದಲ್ಲಿರಲಿ.

ಕಂಪನಿಯ ಡಾಟ್ ಸಂಖ್ಯೆಯನ್ನು (ಅಮೆರಿಕದ ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಸರ್ಕಾರದ ‘ಸೇಫರ್’ ಜಾಲತಾಣದಲ್ಲಿ ಹಾಕಿದರೆ ಅಪಘಾತಗಳ, ತಪಾಸಣೆಯಲ್ಲಿ ತಡೆಹಿಡಿದ ವಾಹನಗಳ ವಿವರ ಉಚಿತವಾಗಿ ಸಿಗುತ್ತದೆ. ಬೇಗ ಕೆಲಸ ಬಿಟ್ಟರೆ ತರಬೇತಿಯ ವೆಚ್ಚ ಹಿಂದಿರುಗಿಸಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ, ಮೊತ್ತ ಮತ್ತು ಅವಧಿ ನೋಡದೆ ಸಹಿ ಹಾಕಬೇಡಿ.